ಮುಚ್ಚಿಡಬೇಕಾದುದೂ ಮರಳಿಸಬೇಕಾದುದೂ

ಸಿರುಗುಪ್ಪದಲ್ಲಿ ಒಂದು ಹಳೆಯ ಮಾಳಿಗೆ ಮನೆಯನ್ನು ಕಲ್ಪಿಸಿಕೊಳ್ಳಿ. ನಾನು ಯಾರ ಮನೆಯ ಕಥೆಯನ್ನೂ ಹೇಳುತ್ತಿಲ್ಲ. ಆದರೆ ಓದುತ್ತ ಹೋದಂತೆ ಇದು ನಮ್ಮ ಮನೆಯೇ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನಿಸಿದರೆ ನನಗೆ ಆಶ್ಚರ್ಯವಾಗದು.

ತಾಯಿ ತೀರಿಕೊಂಡು ಮೂರು ದಿನಗಳಾಗಿವೆ. ಜಿಯಾರತ್‌ಗೆ ಬಂದವರು ಊಟ ಮುಗಿಸಿ ಹೋಗಿದ್ದಾರೆ. (ಸಾವಿನ ಮನೆಯವರೇ ಊರಿಗೆಲ್ಲ ಊಟ ಹಾಕುವ ಈ ಪದ್ಧತಿಯ ಬಗ್ಗೆ ಹೇಳಬೇಕಾದದ್ದು ಬಹಳವಿದೆ, ಇಂದು ಬೇಡ.) ಒಳಕೋಣೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ತಾಯಿಯ ಟ್ರಂಕಿನ ಮುಂದೆ ಕುಳಿತಿದ್ದಾರೆ. ಹಿರಿಯವಳು ಕುರುಗೋಡಿಗೆ ಕೊಟ್ಟ ಮಗಳು. ಕಿರಿಯವಳ ಸಂಸಾರ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಹನ್ನೊಂದು ವರ್ಷಗಳಿಂದ ಇಬ್ಬರ ನಡುವೆ ಮಾತಿಲ್ಲ. ಮದುವೆ ಮನೆಗಳಲ್ಲಿ ಎದುರಾದರೆ ಒಬ್ಬಳು ಅಡುಗೆಮನೆಗೆ ಹೋಗುತ್ತಿದ್ದಳು, ಇನ್ನೊಬ್ಬಳು ಅಂಗಳಕ್ಕೆ. ಈದ್ ಬಂದಾಗ ಇಬ್ಬರೂ ತಾಯಿಗೆ ಪ್ರತ್ಯೇಕವಾಗಿ ಮುಖ ತೋರಿಸಿ ಹೋಗುತ್ತಿದ್ದರು. ತಾಯಿಯ ಮಯ್ಯತ್ತನ್ನು ಸ್ನಾನ ಮಾಡಿಸುವಾಗಲೂ ಒಬ್ಬಳು ನೀರು ಹೊಯ್ದಳು, ಒಬ್ಬಳು ಕೈಯಾಡಿಸಿದಳು. ಒಂದು ಮಾತೂ ಹೊರಡಲಿಲ್ಲ.

ಟ್ರಂಕಿನಲ್ಲಿ ಇರಬೇಕಾದದ್ದೆಲ್ಲ ಇದೆ. ನಾಲ್ಕು ಸೀರೆ, ಒಂದು ಜಾನಮಾಝ್, ತಸ್ಬೀಹ್, ಪಾನದಾನ. ತಳಕ್ಕೆ ಹಾಸಿದ ಹಳೆಯ ಪತ್ರಿಕೆಯ ಕೆಳಗೆ ಕೆಲವು ಕಾಗದಗಳು. ಒಂದು ಛಾಪಾ ಕಾಗದವನ್ನು ಕಿರಿಯವಳು ಬಿಡಿಸುತ್ತಾಳೆ. ತಂದೆ ತೀರಿಕೊಂಡ ವರ್ಷದ್ದು, ಹಕ್ಕು ಬಿಡುಗಡೆ ಪತ್ರ. ಹೊಲದಲ್ಲಿ ತನ್ನ ಪಾಲನ್ನು ಸಂತೋಷದಿಂದ ಸಹೋದರನಿಗೆ ಬಿಟ್ಟುಕೊಟ್ಟಿರುವುದಾಗಿ ಅದರಲ್ಲಿ ಬರೆದಿದೆ. ಕೆಳಗೆ ಇರುವುದು ಅವಳದೇ ಸಹಿ. ಬಾಣಂತನಕ್ಕೆ ತವರಿಗೆ ಬಂದಿದ್ದಾಗ ಖಾತೆ ಬದಲಾವಣೆಯ ಕಾಗದವೆಂದು ಹೇಳಿದ್ದನ್ನು ನಂಬಿ, ತೋರಿಸಿದ ಕಡೆಗಳಲ್ಲೆಲ್ಲ ಹಾಕಿದ ಸಹಿ. ಅದು ಅವಳಿಗೆ ಹೊಸದಲ್ಲ. ಮುಂದಿನ ವರ್ಷ ಪಾಲು ಕೇಳಿದಾಗಲೇ ಆ ವಿಷಯ ತಿಳಿದಿತ್ತು. ಆಗ ಅವಳು ಅಕ್ಕನನ್ನು ಕೇಳಿದ್ದಳು, ನಿಮಗೆ ಇದು ಗೊತ್ತಿತ್ತೇ ಎಂದು. ಅಕ್ಕ ಗೊತ್ತಿಲ್ಲವೆಂದಿದ್ದಳು. ತಂಗಿ ನಂಬಲಿಲ್ಲ. ಮಾತು ನಿಂತದ್ದು ಅಲ್ಲಿಂದ. ಈಗ ಅವಳ ಸಹಿಯ ಪಕ್ಕದಲ್ಲಿ, ಸಾಕ್ಷಿ ಎಂಬಲ್ಲಿ, ಇನ್ನೊಂದು ಸಹಿ ಕಾಣುತ್ತಿದೆ.

“ಆಪಾ, ಇದು ನಿಮ್ಮ ಸಹಿಯಲ್ಲವಾ?”

ಹನ್ನೊಂದು ವರ್ಷಗಳ ನಂತರದ ಮೊದಲ ಮಾತು ಇದು. ಅಕ್ಕ ಬಹಳ ಹೊತ್ತು ಕಾಗದವನ್ನೇ ನೋಡಿ, “ಅಮ್ಮ ಕಸಮ್ ಹಾಕಿಸಿದ್ದರು” ಎನ್ನುತ್ತಾಳೆ.

ಈಗ ಹೇಳಿ, ಈ ಇಬ್ಬರೂ ಏನು ಮಾಡಬೇಕು?

ಇಂತಹ ಮನೆಗೆ ಬುದ್ಧಿ ಹೇಳಲು ಬರುವವರು ಸಾಮಾನ್ಯವಾಗಿ ಎರಡು ಬಗೆಯವರು. ಒಬ್ಬರು ಹೇಳುತ್ತಾರೆ: ಆದದ್ದಾಯಿತು, ಸತ್ತವರ ಗುಟ್ಟನ್ನು ಕೆದಕಬೇಡಿ, ಸಹೋದರನ ಕುಂದನ್ನು ಮುಚ್ಚಿದವನ ಕುಂದನ್ನು ಅಲ್ಲಾಹನು ಪರಲೋಕದಲ್ಲಿ ಮುಚ್ಚುವನೆಂದು ಪ್ರವಾದಿವರ್ಯರು(ಸ) ಕಲಿಸಿಲ್ಲವೇ, ಕಾಗದ ಹರಿದು ಹಾಕಿ ಸಲಾಮ್ ಹೇಳಿಕೊಳ್ಳಿ. ಇನ್ನೊಬ್ಬರು ಹೇಳುತ್ತಾರೆ: ಮೊದಲು ಹೊಲ ಬರೆದುಕೊಡಲಿ, ತಪ್ಪೊಪ್ಪಿಕೊಳ್ಳಲಿ, ಆಮೇಲೆ ಸಲಾಮಿನ ಮಾತು. ಮೊದಲಿನವರು ಮಾತಿಗಾಗಿ ಹಕ್ಕನ್ನು ಬಲಿಕೊಡುತ್ತಾರೆ. ಎರಡನೆಯವರು ಹಕ್ಕಿಗಾಗಿ ಮಾತನ್ನು ಒತ್ತೆ ಇಡುತ್ತಾರೆ. ಎರಡೂ ಒಂದೇ ತಪ್ಪಿನ ಎರಡು ಮುಖಗಳೆಂದು ನನಗೆ ತೋರುತ್ತದೆ. ಮಾತಾಡುವುದು ಒಂದು ಬಾಧ್ಯತೆ. ಹಕ್ಕು ಮರಳಿಸುವುದು ಬೇರೆಯೇ ಬಾಧ್ಯತೆ. ಒಂದನ್ನು ಇನ್ನೊಂದರ ಬೆಲೆಯಾಗಿ ಮಾಡಲು ನಮಗೆ ಅನುಮತಿಯಿಲ್ಲ.

ಮೊದಲು ಮುಚ್ಚಿಡುವ ವಿಚಾರ ನೋಡೋಣ. ಮುಚ್ಚಿಡಬೇಕೆಂಬ ಬೋಧನೆ ಸತ್ಯ; ಆದರೆ ಯಾವುದನ್ನು? ಒಬ್ಬ ಮನುಷ್ಯ ಎಡವಿದ, ಪಶ್ಚಾತ್ತಾಪಪಟ್ಟ, ಅದು ಅವನ ಮತ್ತು ಅವನ ಪ್ರಭುವಿನ ನಡುವಿನ ವಿಷಯ. ಅಂಥದ್ದನ್ನು ಕಂಡವನು ಬಾಯಿ ಮುಚ್ಚಿಕೊಳ್ಳಬೇಕು. ಈ ಟ್ರಂಕಿನಲ್ಲಿಯೇ ಅಂಥದೊಂದು ಕಾಗದವೂ ಸಿಕ್ಕಿತೆನ್ನಿ: ಬಂಧುಬಳಗದ ಹುಡುಗಿಯೊಬ್ಬಳ ನಿಶ್ಚಿತಾರ್ಥ ಹಿಂದೆಂದೋ ಯಾಕೆ ಮುರಿಯಿತೆಂಬ ಪತ್ರ. ಅದನ್ನು ಪೂರ್ತಿ ಓದುವುದೂ ಬೇಡ, ಒಲೆಗೆ ಹಾಕಿಬಿಡಿ. ಅದರಲ್ಲಿ ಯಾರ ಹಕ್ಕೂ ಅಡಗಿಲ್ಲ, ಒಬ್ಬಳ ಮಾನ ಮಾತ್ರ ಇದೆ. ಆದರೆ ಛಾಪಾ ಕಾಗದದ ಮಾತು ಬೇರೆ. ಅದರೊಳಗೆ ಬದುಕಿರುವ ಒಬ್ಬಳ ಹೊಲ ಇದೆ. ಅದನ್ನು ಮುಚ್ಚಿಟ್ಟರೆ ಮುಚ್ಚಿಹೋಗುವುದು ತಾಯಿಯ ಕುಂದಲ್ಲ, ತಂಗಿಯ ಸೊತ್ತು. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವೇ ಪಾಪದಲ್ಲಿದೆ ಎಂಬ ಎಚ್ಚರಿಕೆ ಕುರ್‌ಆನಿನಲ್ಲಿರುವುದು ಸಾಲದ ವ್ಯವಹಾರವನ್ನು ವಿವರಿಸುವ ಜಾಗದಲ್ಲಿಯೇ. ತಂದೆತಾಯಿಗಳಿಗೆ, ಬಂಧುಗಳಿಗೆ, ಸ್ವತಃ ನಮಗೇ ವಿರುದ್ಧವಾದರೂ ನ್ಯಾಯದ ಪಕ್ಷದಲ್ಲಿ ಸಾಕ್ಷಿ ನಿಲ್ಲಬೇಕೆಂದು ಅನ್ನಿಸಾ ಅಧ್ಯಾಯ ಆಜ್ಞಾಪಿಸುತ್ತದೆ.

ಸಾಕ್ಷಿಯ ಸಹಿ ಎಂದರೇನು ಎಂಬುದನ್ನು ಒಂದು ಪ್ರಸಂಗದಿಂದ ತಿಳಿಯಬಹುದು. ಹ. ಬಶೀರ್ ಬಿನ್ ಸಅದ್(ರ) ತಮ್ಮ ಮಗ ನುಅಮಾನ್‌ಗೆ ಒಂದು ಕೊಡುಗೆ ಕೊಟ್ಟರು. ಮಗನ ತಾಯಿ ಅಮ್ರಾ ಬಿಂತ್ ರವಾಹಾ(ರ), ಪ್ರವಾದಿಯವರು(ಸ) ಸಾಕ್ಷಿಯಾದರೆ ಮಾತ್ರ ತಾನು ಒಪ್ಪುವೆನೆಂದರು. ಬಶೀರ್ ಹೋಗಿ ಕೇಳಿದರು. ನಿನ್ನ ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿಯವರು(ಸ) ವಿಚಾರಿಸಿದರು. ಇಲ್ಲವೆಂದು ತಿಳಿದಾಗ, ಅನ್ಯಾಯಕ್ಕೆ ತಾನು ಸಾಕ್ಷಿಯಾಗಲಾರೆನೆಂದು ಹಿಂದೆ ಸರಿದರು. ಗಮನಿಸಿ, ಆ ಕೊಡುಗೆಯಿಂದ ಅವರಿಗೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಕೇಳಿದ್ದು ಬರಿಯ ಸಾಕ್ಷಿಯನ್ನು. ಕುರುಗೋಡಿನ ಅಕ್ಕ ಆ ಹೊಲದ ಒಂದು ಗುಂಟೆಯನ್ನೂ ತಾನಾಗಿ ತಿಂದಿಲ್ಲವೆಂದು ಇಟ್ಟುಕೊಳ್ಳೋಣ. ತನ್ನ ಪಾಲನ್ನಂತೂ ಅವಳು ತಿಳಿದೇ ತಮ್ಮನಿಗೆ ಬಿಟ್ಟಿದ್ದಳು. ಆದರೂ ಅವಳ ಸಹಿ ಅಲ್ಲಿದೆ.

ಎಷ್ಟು ಹೊಲ, ಯಾರಿಗೆ ಎಷ್ಟು? ಭಾವುಕತೆಯಲ್ಲಿ ಲೆಕ್ಕ ತಪ್ಪುವುದರಿಂದ ಲೆಕ್ಕವನ್ನೇ ಇಟ್ಟುಬಿಡೋಣ. ಕಾಲುವೆ ನೀರಿನ 8 ಎಕರೆ ಗದ್ದೆ ಎನ್ನಿ. ತುಂಗಭದ್ರೆಯ ನೀರು ಹರಿಯುವ ಸಿರುಗುಪ್ಪ ಸೀಮೆಯಲ್ಲಿ ಅದು ಸಣ್ಣ ಆಸ್ತಿಯಲ್ಲ. ತಂದೆ ತೀರಿಕೊಂಡಾಗ ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದರು. ಸಾಲ, ವಸಿಯ್ಯತ್ ಏನೂ ಇರಲಿಲ್ಲ. ಪತ್ನಿಗೆ ಎಂಟನೆಯ ಒಂದು ಭಾಗ, ಅಂದರೆ 1 ಎಕರೆ. ಉಳಿದ 7 ಎಕರೆಯಲ್ಲಿ ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದೊಂದು ಪಾಲು: ಮಗನಿಗೆ 3 ಎಕರೆ 20 ಗುಂಟೆ, ಹೆಣ್ಣುಮಕ್ಕಳಿಗೆ ತಲಾ 1 ಎಕರೆ 30 ಗುಂಟೆ. ಈಗ ತಾಯಿಯೂ ಹೋದರು. ಅವರ ತಂದೆತಾಯಿಗಳು ಮೊದಲೇ ಇಲ್ಲ. ಅವರ 1 ಎಕರೆಯಲ್ಲಿ ಮಗನಿಗೆ 20 ಗುಂಟೆ, ಹೆಣ್ಣುಮಕ್ಕಳಿಗೆ ಹತ್ತು ಹತ್ತು ಗುಂಟೆ. ಕೂಡಿಸಿದರೆ ಮಗನಿಗೆ 4 ಎಕರೆ, ಹೆಣ್ಣುಮಕ್ಕಳಿಗೆ ತಲಾ 2 ಎಕರೆ. ಹನ್ನೊಂದು ವರ್ಷ ಇಬ್ಬರನ್ನು ದೂರ ಇಟ್ಟ ಲೆಕ್ಕ ಇಷ್ಟು ಸರಳವಾಗಿದೆ. ಇದನ್ನು ಹಾಕಲು ಹತ್ತು ನಿಮಿಷ ಸಾಕು.

ಈ ಪಾಲುಗಳು ಇಳಿದು ಬಂದ ಹಿನ್ನೆಲೆಯಲ್ಲಿಯೂ ಇಬ್ಬರು ಅಕ್ಕತಂಗಿಯರೇ ಇದ್ದಾರೆ ಎಂಬುದನ್ನು ನಾವು ಮರೆಯುತ್ತೇವೆ. ಹ. ಸಅದ್ ಬಿನ್ ರಬೀ(ರ) ಉಹುದ್ ಯುದ್ಧದಲ್ಲಿ ಹುತಾತ್ಮರಾದರು. ಅದು ಹಿಜರಿ 3ನೆಯ ವರ್ಷ. ಅವರ ಪತ್ನಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಯವರ(ಸ) ಬಳಿ ಬಂದರು. ಹುಡುಗಿಯರ ಚಿಕ್ಕಪ್ಪ ಎಲ್ಲವನ್ನೂ ತೆಗೆದುಕೊಂಡಿದ್ದಾನೆ, ಕೈಯಲ್ಲಿ ಏನೂ ಇಲ್ಲದ ಇವರಿಗೆ ಮದುವೆಯೂ ಆಗದು ಎಂದು ದೂರಿಕೊಂಡರು. ಉತ್ತರಾಧಿಕಾರದ ಸೂಕ್ತಗಳು ಅವತೀರ್ಣವಾದ ಮೇಲೆ ಪ್ರವಾದಿಯವರು(ಸ) ಆ ಚಿಕ್ಕಪ್ಪನನ್ನು ಕರೆಸಿದರು. ಮೂರರಲ್ಲಿ ಎರಡು ಭಾಗ ಹುಡುಗಿಯರಿಗೆ, ಎಂಟರಲ್ಲಿ ಒಂದು ಭಾಗ ಅವರ ತಾಯಿಗೆ, ಮಿಕ್ಕಿದ್ದು ಅವನಿಗೆ. 24 ಪಾಲು ಮಾಡಿದರೆ ಅವನಿಗೆ ಉಳಿದದ್ದು 5. ಎಲ್ಲವನ್ನೂ ಬಾಚಿಕೊಂಡಿದ್ದವನು ತನ್ನ ಐದಕ್ಕೆ ಇಳಿಯಬೇಕಾಯಿತು. ಆ ತಾಯಿ ಕುಟುಂಬದ ಮಾನ ಹೋಗುತ್ತದೆಂದು ಮನೆಯಲ್ಲೇ ಕುಳಿತಿದ್ದರೆ?

ಮನೆಗೆ, ಚಿನ್ನಕ್ಕೆ ಶರೀಅತ್ ಸರಿ, ಹೊಲದ ಕಾನೂನು ಬೇರೆ ಎಂದು ವಾದಿಸುವವರಿಗೆ ಬಳ್ಳಾರಿಯ ಇತಿಹಾಸದಿಂದಲೇ ಒಂದು ಮಾತು ಹೇಳಬೇಕು. 1937ರ ಶರೀಅತ್ ಅನ್ವಯ ಕಾಯ್ದೆ ಕೃಷಿ ಭೂಮಿಯನ್ನು ಹೊರಗೆ ಬಿಟ್ಟಿತ್ತು, ನಿಜ. ಆದರೆ 1949ರಲ್ಲಿ ಮದ್ರಾಸ್ ಪ್ರಾಂತ್ಯ ತಿದ್ದುಪಡಿ ತಂದು ಆ ವಿನಾಯಿತಿಯನ್ನು ತೆಗೆದುಹಾಕಿತು. ಆಗ ಬಳ್ಳಾರಿ ಜಿಲ್ಲೆ ಮದ್ರಾಸಿನಲ್ಲಿಯೇ ಇತ್ತು. ಅದು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದೇ ದಿನ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಒಂದೇ ಜಿಲ್ಲೆಯೊಳಗೆ ಕೊಟ್ಟು ತಂದುಕೊಂಡಿದ್ದ ಕುಟುಂಬಗಳ ನಡುವೆ ರಾಜ್ಯದ ಗಡಿ ಬಂತು. ಆ ಗಡಿ ದಾಟಿ ಅಕ್ಕತಂಗಿಯರು ಹೋಗಿ ಬರುವುದು ನಿಲ್ಲಲಿಲ್ಲ. ಸಿರುಗುಪ್ಪಕ್ಕೂ ಕುರುಗೋಡಿಗೂ ನಡುವೆ ಯಾವ ಗಡಿಯೂ ಇಲ್ಲ. ಇಲ್ಲಿ ಗಡಿ ಹಾಕಿದ್ದು ಒಂದು ಛಾಪಾ ಕಾಗದ.

ಮದುವೆಗೆ ಖರ್ಚು ಮಾಡಿದೆವಲ್ಲ, ಅದೇ ಅವಳ ಪಾಲು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಯಾರ ಸಂತೋಷಕ್ಕಾಗಿ ಆ ಖರ್ಚು ಎಂದು ಕೇಳಿದರೆ ಉತ್ತರ ಸಿಗದು. ತಂದೆ ಬದುಕಿರುವಾಗ ಮಗಳಿಗೆ ಕೊಟ್ಟದ್ದು ಕೊಡುಗೆ. ಉತ್ತರಾಧಿಕಾರ ಹುಟ್ಟುವುದೇ ತಂದೆ ಸತ್ತ ಮೇಲೆ. ಇನ್ನೂ ಹುಟ್ಟದ ಹಕ್ಕನ್ನು ಪಂಡಾಲಿನ ಖರ್ಚಿನಲ್ಲಿ ತೀರಿಸುವುದು ಹೇಗೆ? ಆದರೆ ಹೆಣ್ಣುಮಕ್ಕಳು ಸಹಿ ಹಾಕುವುದು ಈ ವಾದಕ್ಕೆ ಸೋತಲ್ಲ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಭಯಕ್ಕೆ ಸೋತು. ಮನಸ್ಸಿನ ಸಂತೋಷದಿಂದ ಕೊಡದ ಹೊರತು ಒಬ್ಬರ ಸೊತ್ತು ಇನ್ನೊಬ್ಬರಿಗೆ ಹಲಾಲ್ ಆಗದೆಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಭಯದಿಂದ ಬಿಟ್ಟದ್ದನ್ನು ಸಂತೋಷದಿಂದ ಬಿಟ್ಟದ್ದೆಂದು ಛಾಪಾ ಕಾಗದದಲ್ಲಿ ಬರೆಯಿಸಬಹುದು. ಬರೆದ ಮಾತ್ರಕ್ಕೆ ಅದು ಸಂತೋಷವಾಗುವುದಿಲ್ಲ.

ಇಲ್ಲಿ ಇನ್ನೊಂದು ವಿಷಯ ನನಗೆ ಬಹಳ ಕಾಡುತ್ತದೆ. ಹೊಲ ಉಳುತ್ತಿರುವವನು ಭಾಯಿ. ಕಾಗದ ಮಾಡಿಸಿದವನೂ ಅವನೇ. ಆದರೆ ತಂಗಿ ಮಾತು ಬಿಟ್ಟದ್ದು ಅಕ್ಕನೊಂದಿಗೆ. ಈದ್‌ಗೆ ಬಂದಾಗ ಭಾಯಿಯ ಮುಂದೆ ಅವಳು ತಲೆ ತಗ್ಗಿಸಿ ಸಲಾಮ್ ಹೇಳುತ್ತಿದ್ದಳು, ಭಾಬಿ ಬಡಿಸಿದ್ದನ್ನು ಉಣ್ಣುತ್ತಿದ್ದಳು. ಯಾಕೆ? ಅಕ್ಕನನ್ನು ಕಳೆದುಕೊಳ್ಳಬಹುದು, ಭಾಯಿಯನ್ನು ಕಳೆದುಕೊಂಡರೆ ತವರಿಲ್ಲ. ಕೋಪವೂ ನೀರಿನಂತೆ ತಗ್ಗು ಕಂಡ ಕಡೆಗೆ ಹರಿಯುತ್ತದೆ. ನಿಮ್ಮ ಕುಟುಂಬದಲ್ಲಿ ಮಾತು ಬಿಟ್ಟ ಅಕ್ಕತಂಗಿಯರಿದ್ದರೆ, ಅವರ ನಡುವೆ ನಿಜವಾಗಿ ನಿಂತಿರುವವರು ಯಾರೆಂದು ಒಮ್ಮೆ ನೋಡಿ. ಎಷ್ಟೋ ಸಲ ಇಬ್ಬರೂ ನಷ್ಟ ಹೊಂದಿದವರೇ ಆಗಿರುತ್ತಾರೆ. ಲಾಭ ಪಡೆದವನು ಇಬ್ಬರೊಂದಿಗೂ ಚೆನ್ನಾಗಿಯೇ ಇರುತ್ತಾನೆ.

ಹಾಗಾದರೆ ಮನೆಯ ಹಿರಿಯರು ಹೇಗಿರಬೇಕಾಗಿತ್ತು? ಹ. ಅಬೂಬಕರ್(ರ) ಅವರ ಮರಣಶಯ್ಯೆಯ ಪ್ರಸಂಗವನ್ನು ಇಮಾಮ್ ಮಾಲಿಕ್ ತಮ್ಮ ‘ಮುವತ್ತಾ’ದಲ್ಲಿ ದಾಖಲಿಸಿದ್ದಾರೆ. ಗಾಬಾ ಎಂಬಲ್ಲಿನ ತಮ್ಮ ತೋಟದಿಂದ 20 ವಸಕ್ ಖರ್ಜೂರವನ್ನು ಅವರು ಮಗಳು ಹ. ಆಯಿಶಾ(ರ) ಅವರಿಗೆ ಕೊಡುವುದಾಗಿ ಹಿಂದೆ ಹೇಳಿದ್ದರು. ಆಯಿಶಾ ಅದನ್ನು ಕೊಯ್ಲು ಮಾಡಿ ವಶಕ್ಕೆ ಪಡೆದಿರಲಿಲ್ಲ. ಸಾಯುವ ಹೊತ್ತಿನಲ್ಲಿ ತಂದೆ ಮಗಳನ್ನು ಕರೆದು, ನೀನು ಆಗಲೇ ಪಡೆದಿದ್ದರೆ ಅದು ನಿನ್ನದಾಗುತ್ತಿತ್ತು, ಈಗ ಅದು ವಾರೀಸುದಾರರ ಸೊತ್ತು, ನಿನ್ನ ಇಬ್ಬರು ಸಹೋದರರು ಮತ್ತು ಇಬ್ಬರು ಸಹೋದರಿಯರಿದ್ದಾರೆ, ಗ್ರಂಥದ ಪ್ರಕಾರ ಹಂಚಿಕೊಳ್ಳಿರೆಂದರು. ಆಯಿಶಾ ಬೆರಗಾದರು. ಅದಕ್ಕಿಂತ ಹೆಚ್ಚಿದ್ದರೂ ಬಿಟ್ಟುಕೊಡುತ್ತಿದ್ದೆ, ಆದರೆ ನನಗಿರುವುದು ಅಸ್ಮಾ ಒಬ್ಬಳೇ ಸಹೋದರಿಯಲ್ಲವೇ, ಇನ್ನೊಬ್ಬಳು ಯಾರು? ತಮ್ಮ ಇನ್ನೊಬ್ಬ ಪತ್ನಿ ಖಾರಿಜಾರ ಮಗಳು ಗರ್ಭಿಣಿಯೆಂದೂ, ಹುಟ್ಟುವುದು ಹೆಣ್ಣೆಂದು ತನಗೆ ತೋರುತ್ತದೆಂದೂ ತಂದೆ ಉತ್ತರಿಸಿದರು. ಹಿಜರಿ 13ರಲ್ಲಿ ಅವರು ತೀರಿಕೊಂಡ ಮೇಲೆ ಹುಟ್ಟಿದ ಆ ಮಗುವೇ ಉಮ್ಮು ಕುಲ್ಸೂಮ್.

ಎಂಥ ಮನೆ ನೋಡಿ! ಪ್ರೀತಿಯ ಮಗಳಿಗೆ ಗುಟ್ಟಾಗಿ ಉಳಿಸಬಹುದಾಗಿದ್ದುದನ್ನು ಆ ಮಗಳ ಮುಂದೆಯೇ ತೆರೆದು ಇಟ್ಟರು. ಇನ್ನೂ ಕಣ್ಣು ಬಿಡದ ತಂಗಿಯ ಪಾಲನ್ನು ಎಣಿಸಿದರು. ನಮ್ಮ ಮನೆಗಳಲ್ಲಿ ಎದುರಿಗೆ ಕುಳಿತ ತಂಗಿಯೂ ಲೆಕ್ಕಕ್ಕೆ ಬರುವುದಿಲ್ಲ.

ಆ ಅಕ್ಕತಂಗಿಯರ ನಂತರದ ಒಂದು ವೃತ್ತಾಂತ ಬುಖಾರಿಯಲ್ಲಿದೆ. ಹ. ಆಯಿಶಾ(ರ) ತೀರಿಕೊಂಡಾಗ ಅದೇ ಗಾಬಾ ಪ್ರದೇಶದಲ್ಲಿದ್ದ ಅವರ ಆಸ್ತಿಯಲ್ಲಿ ಅಕ್ಕ ಹ. ಅಸ್ಮಾ(ರ) ಅವರಿಗೆ ಪಾಲು ಬಂತು. ಅದಕ್ಕೆ ಮುಆವಿಯಾ(ರ) ಒಂದು ಲಕ್ಷ ಕೊಡಲು ಮುಂದೆ ಬಂದಿದ್ದರು. ಅಸ್ಮಾ ಅದನ್ನು ತಮ್ಮ ಕುಟುಂಬದ ಇಬ್ಬರು ಯುವಕರಾದ ಖಾಸಿಮ್ ಬಿನ್ ಮುಹಮ್ಮದ್ ಮತ್ತು ಇಬ್ನು ಅಬೀ ಅತೀಕ್‌ಗೆ ಕೊಟ್ಟುಬಿಟ್ಟರು. ಈ ಇಬ್ಬರಿಗೆ ಆಯಿಶಾರ ಆಸ್ತಿಯಲ್ಲಿ ಪಾಲು ಬಂದಿರಲಿಲ್ಲವೆಂದೂ, ಅವರ ಮನಸ್ಸು ತಣಿಸಲು ಹೀಗೆ ಮಾಡಿರಬೇಕೆಂದೂ ವ್ಯಾಖ್ಯಾನಕಾರರು ಹೇಳುತ್ತಾರೆ. ಬಿಟ್ಟುಕೊಡುವುದೆಂದರೆ ಇದು. ಮೊದಲು ಪಾಲು ಅವರ ಕೈಗೆ ಬಂತು, ಅದರ ಬೆಲೆ ಅವರಿಗೆ ತಿಳಿಯಿತು, ಆಮೇಲೆ ಅವರಾಗಿ ಕೊಟ್ಟರು. ಬಾಣಂತಿಯ ಹಾಸಿಗೆಯ ಪಕ್ಕ ಕಾಗದ ಹಿಡಿದು ನಿಂತು ಬಿಡಿಸಿಕೊಂಡದ್ದನ್ನು ಇದಕ್ಕೆ ಹೋಲಿಸಬೇಡಿ.

ಇನ್ನು ಆ ಕಸಮ್. ತಾಯಿ ಆಣೆ ಹಾಕಿಸಿದ್ದರಿಂದ ಬಾಯಿ ಬಿಡಲಿಲ್ಲವೆಂದು ಅಕ್ಕ ಹೇಳುತ್ತಾಳೆ. ಅವಳ ಸಂಕಟವನ್ನು ಹಗುರವಾಗಿ ಕಾಣಬಾರದು. ಆಗ ಅವಳ ಗಂಡನ ವ್ಯಾಪಾರ ಮುಳುಗಿತ್ತು, ತಾಯಿ ತನ್ನ ಚಿನ್ನದಲ್ಲಿ ನಾಲ್ಕು ತೊಲೆ ತೆಗೆದು ಅವಳ ಕೈಯಲ್ಲಿಟ್ಟಿದ್ದರು, ಅದೇ ವಾರ ಈ ಕಾಗದವೂ ಬಂತು ಎನ್ನಿ. ಆಗ ಇಲ್ಲವೆನ್ನುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ? ಆದರೂ ಆಣೆ ಅನ್ಯಾಯಕ್ಕೆ ಬೀಗವಾಗಲಾರದು. ಆಣೆ ಹಾಕಿದ ಮೇಲೆ ಅದಕ್ಕಿಂತ ಒಳ್ಳೆಯದು ಬೇರೆ ಇದೆಯೆಂದು ಕಂಡರೆ ಒಳ್ಳೆಯದನ್ನೇ ಮಾಡಿ ಆಣೆಗೆ ಪ್ರಾಯಶ್ಚಿತ್ತ ಕೊಡಬೇಕೆಂಬುದು ಪ್ರವಾದಿಯವರ(ಸ) ಸ್ಪಷ್ಟ ಬೋಧನೆ. ಪ್ರಾಯಶ್ಚಿತ್ತವೂ ಕುರ್‌ಆನಿನಲ್ಲಿಯೇ ಇದೆ: ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ, ಅಥವಾ ಗುಲಾಮನ ವಿಮೋಚನೆ; ಅದಕ್ಕೆ ಶಕ್ತಿಯಿಲ್ಲದವರಿಗೆ ಮೂರು ದಿನಗಳ ಉಪವಾಸ. ಹನ್ನೊಂದು ವರ್ಷಗಳ ಮೌನಕ್ಕಿಂತ ಹತ್ತು ಜನರ ಊಟ ಅಗ್ಗವಾಗಿತ್ತು.

ಚಿನ್ನದ ಮಾತು ಬಂತು. ಅದು ಸಾಕ್ಷಿ ಹಾಕಿದ್ದಕ್ಕೆ ಕೊಟ್ಟ ಬೆಲೆಯೆಂದು ತಂಗಿ ಅನುಮಾನಿಸುತ್ತಾಳೆ; ಕಷ್ಟಕ್ಕೆ ಕೊಟ್ಟದ್ದೆಂದು ಅಕ್ಕ ಹೇಳುತ್ತಾಳೆ. ತಾಯಿ ಬದುಕಿರುವಾಗ ಕೊಟ್ಟು ಮಗಳ ವಶವಾದದ್ದು ಕೊಡುಗೆಯೇ ಹೊರತು ತರಿಕೆಯಲ್ಲ. ಮಕ್ಕಳ ನಡುವೆ ಕೊಡುಗೆಯಲ್ಲಿ ಸಮಾನತೆ ಕಡ್ಡಾಯವೇ ಅಥವಾ ತಾರತಮ್ಯ ಕೇವಲ ಅನಪೇಕ್ಷಿತವೇ ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ, ಹನಫೀ ವಿದ್ವಾಂಸರು ಎರಡನೆಯದನ್ನು ಹೇಳುತ್ತಾರೆ. ಹಾಗಾಗಿ ಆ ಚಿನ್ನವನ್ನು ಮತ್ತೆ ಹಂಚಬೇಕೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ತಂಗಿಯ ಮುಂದೆ ಬಾಯಿ ಬಿಟ್ಟು ಹೇಳಬೇಕು. ಗುಟ್ಟಾಗಿ ಇಟ್ಟ ನಾಲ್ಕು ತೊಲೆ ತಂಗಿಯ ಅನುಮಾನದಲ್ಲಿ ಇಷ್ಟು ವರ್ಷ ನಲವತ್ತು ತೊಲೆಯಾಗಿ ಬೆಳೆದಿದೆ.

ಇದು ಹಕ್ಕಿನ ಕಡೆಯ ಮಾತಾಯಿತು. ಈಗ ಮಾತಿನ ಕಡೆಗೆ ಬನ್ನಿ, ಬಳ್ಳಾರಿಯ ತಂಗಿಗೆ ಹೇಳಬೇಕಾದದ್ದು ಇಲ್ಲಿದೆ. ಅನ್ಯಾಯಕ್ಕೊಳಗಾದವಳು ನೀನು ಹೌದು. ಆದರೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಡಬಾರದೆಂಬ ಆಜ್ಞೆ ತಪ್ಪು ಮಾಡಿದವರಿಗೆ ಮಾತ್ರ ಬಂದದ್ದಲ್ಲ. ಮೊದಲು ಸಲಾಮ್ ಹೇಳುವವರು ಉತ್ತಮರೆಂದು ಹೇಳಿದಾಗ, ಯಾರದು ಸರಿ ಎಂದು ತೀರ್ಮಾನವಾದ ಮೇಲೆ ಎಂಬ ಷರತ್ತು ಅದರಲ್ಲಿಲ್ಲ. ಕುಟುಂಬ ಸಂಬಂಧ ಜೋಡಿಸುವವನೆಂದರೆ ಕೊಟ್ಟದ್ದಕ್ಕೆ ಪ್ರತಿಯಾಗಿ ಕೊಡುವವನಲ್ಲ, ಕಡಿದಾಗಲೂ ಜೋಡಿಸುವವನೆಂದು ಪ್ರವಾದಿಯವರು(ಸ) ಬಿಡಿಸಿಯೇ ಹೇಳಿದ್ದಾರೆ. ಸಲಾಮ್ ಹೇಳಿದರೆ ಪಾಲು ಬಿಟ್ಟಂತಾಗುವುದಿಲ್ಲ. ಸಲಾಮ್ ಹೇಳಿ, ಅಕ್ಕನ ಪಕ್ಕದಲ್ಲಿ ಕುಳಿತು ಚಹಾ ಕುಡಿದು, ಅದೇ ಬಾಯಿಯಿಂದ ನನ್ನ 2 ಎಕರೆ ನನಗೆ ಬೇಕೆಂದು ಕೇಳಬಹುದು. ನಮ್ಮಲ್ಲಿ ಇದು ಒಟ್ಟಿಗೆ ಆಗದೆಂದು ಜನ ತಿಳಿದಿದ್ದಾರೆ.

ಮಾತು ಬಿಡುವುದು ದೊಡ್ಡವರಿಗೂ ಸಂಭವಿಸಿದೆ. ಹ. ಆಯಿಶಾ(ರ) ತಮ್ಮ ಆಸ್ತಿಯಲ್ಲಿ ಏನನ್ನೋ ಮಾರಿದ್ದಕ್ಕೋ ಕೊಟ್ಟದ್ದಕ್ಕೋ ಅಕ್ಕನ ಮಗ ಅಬ್ದುಲ್ಲಾ ಬಿನ್ ಝುಬೈರ್(ರ), ಇದು ನಿಲ್ಲದಿದ್ದರೆ ಅವರ ಕೈಕಟ್ಟುವೆನೆಂಬರ್ಥದ ಮಾತಾಡಿದರು. ಅದನ್ನು ಕೇಳಿ ಆಯಿಶಾ, ಇನ್ನು ಅವನೊಂದಿಗೆ ಮಾತಾಡುವುದಿಲ್ಲವೆಂದು ಹರಕೆ ಹೊತ್ತರು. ದಿನಗಳು ಉರುಳಿದವು. ಕೊನೆಗೆ ಮಿಸ್ವರ್ ಬಿನ್ ಮಖ್ರಮಾ ಮತ್ತು ಅಬ್ದುರ್ರಹ್ಮಾನ್ ಬಿನ್ ಅಸ್ವದ್ ಎಂಬ ಇಬ್ಬರು ಅವನನ್ನು ತಮ್ಮ ಹೊದಿಕೆಯೊಳಗೆ ಸೇರಿಸಿಕೊಂಡು ಬಾಗಿಲಿಗೆ ಬಂದು, ನಾವೆಲ್ಲರೂ ಒಳಗೆ ಬರಬಹುದೇ ಎಂದು ಕೇಳಿದರು. ಎಲ್ಲರೂ ಬನ್ನಿ ಎಂದರು ಆಯಿಶಾ, ಮೂರನೆಯವನಿದ್ದಾನೆಂದು ತಿಳಿಯದೆ. ಅವನು ಪರದೆಯ ಒಳಗೆ ಹೋಗಿ ಚಿಕ್ಕಮ್ಮನನ್ನು ತಬ್ಬಿಕೊಂಡು ಅತ್ತನು. ಹೊರಗೆ ನಿಂತ ಇಬ್ಬರು ಮೂರು ದಿನಗಳ ಮಿತಿಯನ್ನು ನೆನಪಿಸುತ್ತಲೇ ಇದ್ದರು. ಹರಕೆ ಬಹಳ ಭಾರವೆಂದು ಹೇಳುತ್ತ ಅಳುತ್ತಲೇ ಅವರು ಮಾತಾಡಿದರು. ಹರಕೆ ಮುರಿದುದಕ್ಕೆ 40 ಗುಲಾಮರನ್ನು ವಿಮೋಚಿಸಿದರು. ಆಮೇಲೂ ಅದನ್ನು ನೆನೆದಾಗಲೆಲ್ಲ ಮುಸುಕು ತೋಯುವಷ್ಟು ಅಳುತ್ತಿದ್ದರು. ಮಾತು ಬಿಟ್ಟದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಇದನ್ನು ಓದಬೇಕು. ಆ ಇಬ್ಬರು ಮಧ್ಯಸ್ಥರ ಉಪಾಯವನ್ನೂ ನೋಡಿ. ಅವರು ಇಬ್ಬರನ್ನೂ ಒಂದೇ ಕೋಣೆಗೆ ತಂದರು. ನಮ್ಮ ಬಂಧುಗಳು ಬಹುತೇಕ ಇಬ್ಬರ ಮಾತನ್ನೂ ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ.

ತಂಗಿಗೆ ಇನ್ನೊಂದು ಮಿತಿಯೂ ಇದೆ. ಅನ್ಯಾಯಕ್ಕೊಳಗಾದವರು ಬಾಯಿಬಿಟ್ಟು ದೂರಲು ಕುರ್‌ಆನ್ ಅವಕಾಶ ಕೊಟ್ಟಿದೆ. ಭಾಯಿಗೆ ಹೇಳು, ಜಮಾಅತಿನ ಹಿರಿಯರಿಗೆ ಹೇಳು, ಬೇಕಾದರೆ ವಕೀಲರಿಗೂ ಹೇಳು. ಆದರೆ ಕುರುಗೋಡಿಗೆ ಹೋಗಿ ಅಕ್ಕನ ಸೊಸೆಯ ಮುಂದೆ ಹೇಳಬೇಡ. ಹಕ್ಕನ್ನು ಮರಳಿ ತರುವ ಶಕ್ತಿ ಇಲ್ಲದ ಕಿವಿಗೆ ಹೇಳುವುದು ದೂರಲ್ಲ, ಗೀಬತ್.

ಕೊನೆಯದಾಗಿ ತಾಯಿ. ಎಲ್ಲವೂ ಅವರಿಗೆ ಗೊತ್ತಿತ್ತು. ಕಾಗದವನ್ನು ಸುಡದೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡದ್ದು ಯಾಕೆ? ಹೆದರಿಕೆಯಿಂದಲೋ, ಒಂದು ದಿನ ಸಿಗಲಿ ಎಂದೋ, ಅಲ್ಲಾಹನೇ ಬಲ್ಲ. ಅವರ ಬಗ್ಗೆ ಹೆಣ್ಣುಮಕ್ಕಳು ಏನು ಮಾತಾಡಿಕೊಳ್ಳಬೇಕು? ಇಲ್ಲಿ ಯೂಸುಫ್(ಅ) ಅವರನ್ನು ನೆನೆಯಬೇಕು. ಸಹೋದರರು ಅವರನ್ನು ಬಾವಿಗೆ ತಳ್ಳಿದ್ದರು. ವರ್ಷಗಳ ನಂತರ ಈಜಿಪ್ಟಿನಲ್ಲಿ ಇಡೀ ಕುಟುಂಬ ಒಂದಾದಾಗ ಅವರು ಅಲ್ಲಾಹನ ಅನುಗ್ರಹಗಳನ್ನು ಎಣಿಸುತ್ತ, ತನ್ನನ್ನು ಸೆರೆಮನೆಯಿಂದ ಹೊರತಂದುದನ್ನು ಹೇಳಿದರು. ಬಾವಿಯಿಂದ ಹೊರತಂದುದನ್ನು ಹೇಳಲಿಲ್ಲ. ಬಾವಿಯ ಹೆಸರೆತ್ತಿದ್ದರೆ ಎದುರಿಗೆ ನಿಂತ ಸಹೋದರರ ತಲೆ ತಗ್ಗುತ್ತಿತ್ತೆಂದು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ತನಗೂ ಸಹೋದರರಿಗೂ ನಡುವೆ ಶೈತಾನನು ಒಡಕು ಹಾಕಿದನೆಂದು ಹೇಳಿ ತಪ್ಪನ್ನು ಅವನ ತಲೆಗೆ ಕಟ್ಟಿದರು. ಆದರೆ ಅದಕ್ಕೆ ಮೊದಲೇ, ಅವರು ಮಾಡಿದ್ದು ಏನೆಂದು ಅವರ ಮುಖದ ಮುಂದೆಯೇ ಒಮ್ಮೆ ಕೇಳಿದ್ದರು, ಅವರು ಒಪ್ಪಿಕೊಂಡಿದ್ದರು, ಇಂದು ನಿಮ್ಮ ಮೇಲೆ ದೂರಿಲ್ಲವೆಂದು ಇವರು ಹೇಳಿಯೂ ಆಗಿತ್ತು. ಬಾವಿಯ ವಿಷಯ ಮುಚ್ಚಿಟ್ಟದ್ದು ಅದೆಲ್ಲ ಮುಗಿದ ಮೇಲೆ.

ಸಿರುಗುಪ್ಪದ ಮನೆಯಲ್ಲಿ ಇನ್ನೂ ಅದು ಮುಗಿದಿಲ್ಲ. ಅಸರ್ ನಮಾಝಿಗೆ ಹೋದ ಭಾಯಿ ಮಸೀದಿಯಿಂದ ಮರಳುವ ಹೊತ್ತು. ಅಕ್ಕ ಆ ಕಾಗದವನ್ನು ಮಡಚಿ ತನ್ನ ಸೆರಗಿನಲ್ಲಿ ಕಟ್ಟಿಕೊಂಡು, ಹೇಳಬೇಕಾದವಳು ನಾನು, ನೀನು ಪಕ್ಕದಲ್ಲಿ ಕುಳಿತಿರು ಎಂದರೆ, ಅವಳ ಸಹಿಗೆ ಅವಳೇ ಹೇಳುವ ಮೊದಲ ಉತ್ತರ ಅದು. 2 ಎಕರೆ ಕೈಗೆ ಬಂದ ಮೇಲೆ ತಂಗಿ ಅದನ್ನು ಉಳುವಳೋ, ಗುತ್ತಿಗೆಗೆ ಕೊಡುವಳೋ, ಅಸ್ಮಾರಂತೆ ಭಾಯಿಯ ಮಕ್ಕಳ ಹೆಸರಿಗೇ ಬರೆದುಬಿಡುವಳೋ, ಅದು ಅವಳಿಗೆ ಬಿಟ್ಟದ್ದು. ಅದನ್ನು ಇವತ್ತು ಯಾರೂ ಅವಳನ್ನು ಕೇಳದಿರಲಿ.